ನಿಂತಾಗ ಹೀಟರ್ ತಣ್ಣಗೆ: ಮೊದಲು ಕೂಲೆಂಟ್ ನೋಡಿ

ಕಾರು ಓಡುವಾಗ ಬಿಸಿಗಾಳಿ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗೆ ಅಂದಿದ್ದೀರಿ. ಬಹುತೇಕ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಕಮ್ಮಿಯಾಗಿ, ಅದರ ಬಿಸಿಯನ್ನು ಒಳಗಿನ ಗಾಳಿಗೆ ಕೊಡುವ ಸಣ್ಣ ರೇಡಿಯೇಟರ್ ಆದ ಹೀಟರ್ ಕೋರ್‌ನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಕೂಲೆಂಟ್ ಹರಿಸುವ ವಾಟರ್ ಪಂಪ್ ಸವೆದಿದ್ದರೂ ಹೀಗೇ ಆಗುತ್ತದೆ, ನೋಡದೆ ಖಚಿತವಾಗಿ ಹೇಳಲಾಗದು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲೆಂಟ್ ತುಂಬುವ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ, ದಯವಿಟ್ಟು ಅವಸರ ಬೇಡ. ಮ್ಯಾನುಯಲ್‌ನಲ್ಲಿ ಹೇಳಿದ ಕೂಲೆಂಟನ್ನೇ ತುಂಬಿ. ನಲ್ಲಿ ನೀರು ಹಾಕಿದರೆ ಒಳಗೆ ತುಕ್ಕು ಕಟ್ಟುತ್ತದೆ. ಹೀಟರನ್ನು ಪೂರ್ತಿ ಬಿಸಿಗಿಟ್ಟು ಇಂಜಿನ್ ಐಡಲ್‌ನಲ್ಲಿ (ಗಾಡಿ ನಿಂತಲ್ಲೇ ಇಂಜಿನ್ ಓಡುವಂತೆ) ಬಿಡಿ. ಗುಳ್ಳೆ ಬರುವುದು ನಿಂತ ಕೂಡಲೇ ಮುಚ್ಚಳ ಹಾಕಿ.

ಆಮೇಲೂ ತಣ್ಣಗಿದ್ದರೆ, ಇಂಜಿನ್ ಬಿಸಿಯಾದಾಗ ಡ್ಯಾಶ್‌ಬೋರ್ಡ್ ಕಡೆಗೆ ಹೋಗುವ ಎರಡು ಹೀಟರ್ ಪೈಪುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗಿದ್ದರೆ ಬಹುತೇಕ ಕೋರ್ ಕಟ್ಟಿಕೊಂಡಿದೆ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಕೋರ್ ಸೋರುತ್ತಿದೆ, ಗ್ಯಾರೇಜಿಗೆ ಒಯ್ಯಿರಿ.