ಒಂದೇ ಕಾಲಕ್ಕೆ ಮೂವರು ಖಲೀಫರು!

ಪ್ರಶ್ನೆ: ಹಿಂದೆ ಇಡೀ ಮುಸ್ಲಿಂ ಜಗತ್ತು ಒಬ್ಬ ಖಲೀಫನ ಕೈಯಲ್ಲಿತ್ತು, ಎಲ್ಲ ಕಡೆ ಒಂದೇ ಕಾನೂನು ನಡೆಯುತ್ತಿತ್ತು ಎನ್ನುತ್ತಾರೆ. ಹೌದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಸ್ವಲ್ಪ ಕಾಲ ಖಲೀಫ, ಅಂದರೆ ಪ್ರವಾದಿಯ ನಂತರ ಮುಸ್ಲಿಮರ ಮುಖ್ಯಸ್ಥ, ಒಬ್ಬನೇ ಇದ್ದ, ನಿಜ. ಆದರೆ 10ನೇ ಶತಮಾನಕ್ಕೆ ಬನ್ನಿ. ಬಾಗ್ದಾದಿನಲ್ಲಿ ಅಬ್ಬಾಸಿ ಮನೆತನದ ಖಲೀಫ ಕೂತಿದ್ದಾನೆ. 909ರಲ್ಲಿ ಉತ್ತರ ಆಫ್ರಿಕದಲ್ಲಿ ಫಾತಿಮಿಗಳು, ಅಂದರೆ ಶಿಯಾಗಳಲ್ಲಿ ಇಸ್ಮಾಯಿಲಿ ಪಂಗಡದವರು, ನಿಜವಾದ ಖಲೀಫರು ನಾವು ಎಂದು ಎದ್ದು ನಿಂತರು. 969ರಲ್ಲಿ ಈಜಿಪ್ಟನ್ನು ಗೆದ್ದು ಕೈರೋ ನಗರ ಕಟ್ಟಿದವರೂ ಅವರೇ. ನಾನೇನು ಕಮ್ಮಿ ಎಂದು ಸ್ಪೇನಿನ ಕಾರ್ಡೋಬಾದಲ್ಲಿ ಆಳುತ್ತಿದ್ದ ಮೂರನೇ ಅಬ್ದುಲ್ ರಹಮಾನ್ 929ರಲ್ಲಿ ತನ್ನನ್ನೂ ಖಲೀಫ ಎಂದು ಸಾರಿಕೊಂಡ. ಆಯ್ತಲ್ಲ, ಮೂವರು.

ಬಾಗ್ದಾದಿನ ಕಥೆ ಇನ್ನೂ ಮಜವಾಗಿದೆ. 945ರಲ್ಲಿ ಬೂಯಿ ಮನೆತನದವರು ಊರನ್ನು ಹಿಡಿದರು. ಅವರು ಶಿಯಾಗಳು, ಖಲೀಫ ಸುನ್ನಿ. ಆ ಪೀಠವನ್ನೇ ತೆಗೆದುಹಾಕಬಹುದಿತ್ತು ಅಲ್ವಾ? ತೆಗೆಯಲಿಲ್ಲ. ಒಬ್ಬನನ್ನು ಇಳಿಸಿ ಅದೇ ಮನೆತನದ ಇನ್ನೊಬ್ಬನನ್ನು ಕೂರಿಸಿದರು, ಅಷ್ಟೇ. ದಂಡು ಮತ್ತು ಕಂದಾಯ ಇವರ ಕೈಯಲ್ಲಿ, ಪ್ರಾರ್ಥನೆಯಲ್ಲಿ ಹೆಸರು ಮಾತ್ರ ಅವನದು. 1055ರಲ್ಲಿ ಸೆಲ್ಜುಕ್ ತುರ್ಕರು ಬರುವ ತನಕ ಹೀಗೇ ನಡೆಯಿತು.

ಕಾನೂನೂ ಒಂದೇ ಇರಲಿಲ್ಲ. ಸುನ್ನಿಗಳಲ್ಲೇ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂದು ನಾಲ್ಕು ಪಂಥಗಳು. 1265ರಲ್ಲಿ ಸುಲ್ತಾನ ಬೈಬರ್ಸ್ ಕೈರೋದಲ್ಲಿ ನಾಲ್ಕಕ್ಕೂ ಒಬ್ಬೊಬ್ಬ ಮುಖ್ಯ ಖಾಜಿಯನ್ನು, ಅಂದರೆ ನ್ಯಾಯಾಧೀಶನನ್ನು, ನೇಮಿಸಿದ. ಜನ ಸುಮ್ನಿರುತ್ತಾರಾ? ತಮ್ಮ ವ್ಯವಹಾರಕ್ಕೆ ಯಾವ ಪಂಥದ ಕಟ್ಟಳೆ ಅನುಕೂಲವೋ ಆ ಖಾಜಿಯ ಬಾಗಿಲು ತಟ್ಟುತ್ತಿದ್ದರು.

ಕಂದಾಯದ ಲೆಕ್ಕಕ್ಕೆ ಇಸ್ಲಾಮಿನ ಪಂಚಾಂಗವೇ ಒಗ್ಗುತ್ತಿರಲಿಲ್ಲ. ಅದು ಪೂರ್ತಿ ಚಂದ್ರನದು, ಅಧಿಕ ಮಾಸ ಇಲ್ಲ, ಸುಗ್ಗಿಯ ಜೊತೆ ಹೊಂದುವುದಿಲ್ಲ. ಹಾಗಾಗಿ ಬಾಗ್ದಾದಿನ ಸರ್ಕಾರ ಪಾರ್ಸಿಗಳ ಹಳೆಯ ಹೊಸವರ್ಷ ನವರೋಜ್‌ನಿಂದ ಕಂದಾಯದ ವರ್ಷ ಎಣಿಸುತ್ತಿತ್ತು. ಆದರೆ ಪಾರ್ಸಿ ಪಂಚಾಂಗದಲ್ಲಿ ದಿನ ಸರಿದೂಗಿಸುವುದು ನಿಂತುಹೋಗಿದ್ದರಿಂದ ನವರೋಜ್ ಹಿಂದೆ ಹಿಂದೆ ಸರಿದು, ಪೈರು ಇನ್ನೂ ಹಸಿರಿರುವಾಗಲೇ ವಸೂಲಿಯವರು ಹೊಲಕ್ಕೆ ಬರುವಂತಾಯಿತು. 895ರಲ್ಲಿ ಖಲೀಫ ಮುಅತಝಿದ್ ಕಂದಾಯದ ನವರೋಜ್ ಅನ್ನು ಜೂನ್ 11ಕ್ಕೆ ತಳ್ಳಿದ. ಅಗ್ನಿಪೂಜಕರ ಹಬ್ಬದ ತಾರೀಖನ್ನು ಸುನ್ನಿ ಖಲೀಫ ರಿಪೇರಿ ಮಾಡಿಸಿದ ಹಾಗಾಯ್ತು!

ಪ್ರಶ್ನೆ: ಆ ರಾಜ್ಯಗಳಲ್ಲಿ ಬೇರೆ ಧರ್ಮದವರನ್ನು ಚೆನ್ನಾಗಿ ನೋಡಿಕೊಂಡರೋ ಇಲ್ಲವೋ? ವಾಟ್ಸಾಪಿನಲ್ಲಿ ಒಂದು ದಿನ ಸ್ವರ್ಗ ಅಂತ ಬರುತ್ತದೆ, ಮರುದಿನ ನರಕ ಅಂತ. ನೇರವಾಗಿ ಹೇಳಿ.
– ಓದುಗರು, ಹಾಸನ

ಉತ್ತರ: ಯಾವ ಊರು, ಯಾವ ಇಸವಿ ಎಂದು ಹೇಳದೆ ಬರುವ ಫಾರ್ವರ್ಡನ್ನು ಅಳಿಸಿಬಿಡಿ.

ನಿಯಮ ಇದ್ದದ್ದು ಹೀಗೆ. ಯೆಹೂದಿ, ಕ್ರೈಸ್ತರು ಜಿಜಿಯಾ ಎಂಬ ತಲೆಗಂದಾಯ ಕಟ್ಟಬೇಕು, ಕಟ್ಟಿದರೆ ಪೂಜೆ, ಆಸ್ತಿ, ಒಳಗಿನ ನ್ಯಾಯಪಂಚಾಯ್ತಿ ಅವರವರದ್ದು. ರಕ್ಷಣೆ ಉಂಟು, ಸಮಾನತೆ ಇಲ್ಲ. ಅದನ್ನು ಸಮಾನತೆ ಎಂದು ಕರೆಯುವವರು ಸುಳ್ಳು ಹೇಳುತ್ತಾರೆ. ಆದರೆ ನಡೆದದ್ದು ಆಳುವವನ ಮೇಲೆ. 850ರಲ್ಲಿ ಖಲೀಫ ಮುತವಕ್ಕಿಲ್, ಮುಸ್ಲಿಮರಲ್ಲದವರು ಜೇನುಬಣ್ಣದ ಬಟ್ಟೆ ತೊಟ್ಟು ತಿರುಗಬೇಕು ಎಂದು ಅಪ್ಪಣೆ ಹೊರಡಿಸಿದ. ಅದೇ ಮುತವಕ್ಕಿಲನ ಆಸ್ಥಾನದ ವೈದ್ಯ ಯಾರು ಗೊತ್ತಾ? ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ. ಗ್ರೀಕ್ ವೈದ್ಯ ಗೇಲನ್‌ನ ಗ್ರಂಥಗಳನ್ನು ಸಿರಿಯಾಕ್ ಭಾಷೆಗೂ ಅರಬ್ಬಿಗೂ ತಂದವನು. ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಹೆಸರು ಮಾಡಿದ ಗಣಿತಜ್ಞ ಥಾಬಿತ್ ಇಬ್ನ್ ಕುರ್ರಾ ಕ್ರೈಸ್ತನೂ ಅಲ್ಲ, ಯೆಹೂದಿಯೂ ಅಲ್ಲ. ಹರ್ರಾನಿನ ನಕ್ಷತ್ರಪೂಜಕರ ಪೈಕಿ!

ಎರಡೂ ಮುಖ ಒಬ್ಬನ ಬದುಕಿನಲ್ಲೇ ಕಾಣಬೇಕೆಂದರೆ ಮೈಮೊನಿಡಿಸ್‌ನನ್ನು ನೋಡಿ. ಕಾರ್ಡೋಬಾದ ಯೆಹೂದಿ ಪಂಡಿತರ ಮನೆಯವನು. 1148ರಲ್ಲಿ ಮೊರಾಕೋ ಕಡೆಯ ಅಲ್ಮೊಹದ್ ಮನೆತನದವರು ಊರನ್ನು ಹಿಡಿದು ಯೆಹೂದಿ, ಕ್ರೈಸ್ತರಿಗಿದ್ದ ರಕ್ಷಣೆಯನ್ನೇ ಕಿತ್ತುಹಾಕಿದರು. ಮನೆಯವರು ಊರೂರು ಅಲೆದರು, ಮೊರಾಕೋದ ಫೆಜ್, ಪ್ಯಾಲೆಸ್ತೀನಿನ ಏಕರ್, ಕೊನೆಗೆ ಈಜಿಪ್ಟ್. ಓಡಿಸಿದವರೂ ಮುಸ್ಲಿಂ ದೊರೆಗಳು, ನೆಲೆ ಕೊಟ್ಟವರೂ ಮುಸ್ಲಿಂ ದೊರೆಗಳು. ವ್ಯಾಪಾರ ಮಾಡಿ ಸಂಸಾರ ಸಾಕುತ್ತಿದ್ದ ತಮ್ಮ ದಾವೀದ ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ಸತ್ತ. ಅಣ್ಣ ವೈದ್ಯಕ್ಕೆ ಇಳಿದು, ಈಜಿಪ್ಟಿನ ಸುಲ್ತಾನ ಸಲಾದಿನನ ಆಸ್ಥಾನದ ತನಕ ಏರಿದ. 1199ರಲ್ಲಿ ಬರೆದ ಒಂದು ಕಾಗದದಲ್ಲಿ ತನ್ನ ದಿನಚರಿ ಹೇಳಿಕೊಂಡಿದ್ದಾನೆ. ಮನೆ ಕೈರೋದ ಪಕ್ಕದ ಹಳೆಯ ಊರು ಫುಸ್ತಾತಿನಲ್ಲಿ, ಅರಮನೆ ಕೈರೋದಲ್ಲಿ. ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಹಸಿದು ಬಂದರೆ ಪಡಸಾಲೆ ತುಂಬ ಜನ, ಯೆಹೂದಿಗಳು, ಯೆಹೂದಿಗಳಲ್ಲದವರು, ದೊಡ್ಡವರು, ಬಡವರು. ಸವಾರಿಯಿಂದ ಇಳಿದು ಕೈ ತೊಳೆದು, ಒಂದು ತುತ್ತು ತಿಂದು ಬರುತ್ತೇನೆ ಸ್ವಲ್ಪ ತಾಳಿ ಎಂದು ಅವರನ್ನೇ ಬೇಡಿಕೊಂಡು, ಆಮೇಲೆ ರಾತ್ರಿಯ ತನಕ ಔಷಧ ಬರೆಯುವುದು. ಕೊನೆಗೆ ಸುಸ್ತಾಗಿ ಮಲಗಿಕೊಂಡೇ ರೋಗಿಗಳ ಜೊತೆ ಮಾತಾಡುತ್ತಿದ್ದನಂತೆ.

ಈಜಿಪ್ಟಿನಲ್ಲಿ ಯಾವಾಗಲೂ ಹೀಗೇ ಇತ್ತು ಎಂದುಕೊಳ್ಳಬೇಡಿ. ಅಲ್ಲಿಂದಲೇ ಆಳುತ್ತಿದ್ದ ಫಾತಿಮಿ ಖಲೀಫ ಹಾಕಿಮ್ 1009ರಲ್ಲಿ ಜೆರುಸಲೇಮಿನಲ್ಲಿ ಯೇಸುವಿನ ಪವಿತ್ರ ಸಮಾಧಿಯ ಚರ್ಚನ್ನು ಕೆಡವಿಸಿದ್ದ.

ಪ್ರಶ್ನೆ: ಇದಕ್ಕೂ ನಮ್ಮ ಕರಾವಳಿಗೂ ಏನಾದರೂ ನಂಟಿದೆಯಾ?
– ಓದುಗರು, ಮಂಗಳೂರು

ಉತ್ತರ: ನಿಮ್ಮ ಊರೇ ಇದೆ! ಟ್ಯುನೀಶಿಯಾದ ಮಹ್ದಿಯಾ ಎಂಬ ಊರಿನ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಯೆಮನ್ನಿನ ಬಂದರು ಏಡನ್ ಮೂಲಕ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಬರೆದದ್ದು ಮಂಗಳೂರಿನಲ್ಲೇ. ಲೋಹದ ಪಾತ್ರೆ ಮಾಡುವ ಕಾರ್ಖಾನೆಯೂ ಅವನದಿತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸಿ, ಕರಗಿಸಿ ಇಂಥ ಅಳತೆಯ ಹೊಸದು ಮಾಡಿಸಿಕೊಡು ಎನ್ನುತ್ತಿದ್ದರು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಈಜಿಪ್ಟಿನ ಕಾಗದ. ವ್ಯಾಪಾರದಲ್ಲಿ ಅವನ ಬಲಗೈಯಾಗಿದ್ದ ದಾಸನ ಹೆಸರನ್ನು ಬೊಮ್ಮ ಎಂದು ಓದುತ್ತಾರೆ. ಅವನಿಗೂ ನಮಸ್ಕಾರ ತಿಳಿಸು ಎಂದು ಏಡನ್ನಿನ ಸಾಹುಕಾರರು ಕಾಗದದಲ್ಲಿ ಬರೆಯುತ್ತಿದ್ದರು.

ಈ ಕಾಗದಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ದೇವರ ಹೆಸರಿರಬಹುದಾದ ಕಾಗದವನ್ನು ಬಿಸಾಡಬಾರದೆಂದು ಫುಸ್ತಾತಿನ ಯೆಹೂದಿಗಳು ತಮ್ಮ ಪ್ರಾರ್ಥನಾಮಂದಿರದ (ಸಿನಗಾಗ್) ಒಂದು ಕೋಣೆಗೆ ತುಂಬುತ್ತಾ ಬಂದಿದ್ದರಿಂದ ಉಳಿದವು. ಮೈಮೊನಿಡಿಸ್‌ನ ಕೈಬರಹ ಸಿಕ್ಕಿದ್ದೂ ಆ ರಾಶಿಯಲ್ಲೇ.

ಪ್ರಶ್ನೆ: ಆ ಕಾಲದಲ್ಲಿ ಧರ್ಮವನ್ನೇ ಪ್ರಶ್ನಿಸಿದವರು ಬದುಕಿ ಉಳಿದರಾ?
– ಓದುಗರು, ಶಿರಸಿ

ಉತ್ತರ: ಎಲ್ಲರೂ ಉಳಿಯಲಿಲ್ಲ. ಸೂಫಿ ಹಲ್ಲಾಜನನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ಆದರೆ ಸಿರಿಯಾದ ಕುರುಡು ಕವಿ ಮಅರ್ರಿ, ಎಲ್ಲ ಧರ್ಮಗಳ ಪಂಡಿತರನ್ನೂ ಪದ್ಯದಲ್ಲಿ ಝಾಡಿಸಿದವನು, ಎಂಬತ್ತು ದಾಟಿ 1057ರಲ್ಲಿ ತನ್ನ ಊರಿನಲ್ಲೇ ತೀರಿಕೊಂಡ. ಅವನು ಮಾಂಸ ಬಿಟ್ಟಿದ್ದ, ಹಾಲು, ಮೊಟ್ಟೆ, ಜೇನುತುಪ್ಪವನ್ನೂ ಬಿಟ್ಟಿದ್ದ. ಫಾತಿಮಿಗಳ ದೊಡ್ಡ ಧರ್ಮಪ್ರಚಾರಕ ಮುಅಯ್ಯದ್ ಕಾಗದ ಬರೆದು, ಇದು ಯಾಕೆ ಎಂದು ಕೆದಕಿದ. ಪ್ರಾಣಿಗಳ ನೋವಿನ ಬಗ್ಗೆ ಹೇಳಿದ ಮಅರ್ರಿ, ಜೊತೆಗೆ ಇನ್ನೊಂದು ಕಾರಣ ಕೊಟ್ಟ: ನನಗೆ ವರ್ಷಕ್ಕೆ ಬರುವುದೇ ಇಪ್ಪತ್ತು ಚಿಲ್ಲರೆ ದಿನಾರ್, ಅದರಲ್ಲಿ ಆಳು ತನಗೆ ಬೇಕಾದಷ್ಟು ತೆಗೆದುಕೊಂಡ ಮೇಲೆ ಉಳಿಯುವುದು ಕಾಳು ಬೇಳೆಗೆ ಮಾತ್ರ. ಒಳ್ಳೆಯ ಊಟಕ್ಕೆ ಏರ್ಪಾಟು ಮಾಡಿಸುತ್ತೇನೆ ಎಂದು ಮುಅಯ್ಯದ್ ಮುಂದೆ ಬಂದ. ಬೇಡ ಎಂದ.