ಹಬ್ಬ ಮುಗಿಸಿ ಬಂದವರು ರಾಜೀನಾಮೆ ಕೊಟ್ಟರು: ಸುಝೌನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಲು, ಸಲಹೆ ಕೇಳಿ ನನ್ನ ಬಳಿ ಬಂದವರ ಒಪ್ಪಿಗೆ ಇದೆ.

ಗಿರೀಶ್ ಅವರಿಗೆ ನಲವತ್ತೆರಡು ವರ್ಷ. ಹಾಸನ ಕಡೆಯವರು. ಬೆಂಗಳೂರಿನಲ್ಲಿ ಬಹಳ ವರ್ಷ ಕಾರಿನ ಬಿಡಿಭಾಗಗಳ ಡಿಸೈನ್ ಕೆಲಸ ಮಾಡಿದವರು. ಆಮೇಲೆ ಯುರೋಪಿನ ಒಂದು ಕಂಪನಿ ಅವರನ್ನು ಚೀನಾದ ಸುಝೌ ಕೇಂದ್ರಕ್ಕೆ ಮುಖ್ಯಸ್ಥರನ್ನಾಗಿ ಕಳಿಸಿತು. ಸುಝೌ ಶಾಂಘೈ ಪಕ್ಕದ ಊರು. 1994ರಲ್ಲಿ ಸಿಂಗಪುರದ ಜೊತೆ ಸೇರಿ ಶುರುಮಾಡಿದ ಕೈಗಾರಿಕಾ ಪಾರ್ಕ್ ಅಲ್ಲಿದೆ, ವಿದೇಶಿ ಕಂಪನಿಗಳು ತುಂಬಾ ಇವೆ. ಗಿರೀಶ್ ಕೈಕೆಳಗಿನ ಎಂಜಿನಿಯರುಗಳೆಲ್ಲ ಚೀನೀಯರು. ಹೆಂಡತಿ, ಮಗ ಬೆಂಗಳೂರಿನಲ್ಲೇ ಇದ್ದರು.

ವಿಡಿಯೊ ಕರೆಯಲ್ಲಿ ಮೊದಲು ಮಾತಾಡಿದಾಗ ಅವರು ಹೇಳಿಕೊಂಡಿದ್ದು ನಿದ್ದೆಯ ತೊಂದರೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ಆಫೀಸಿನದ್ದೇ ಯೋಚನೆ. ಸ್ವಲ್ಪ ಹೊತ್ತಾದ ಮೇಲೆ ನಿಜವಾದ ವಿಷಯ ಹೊರಬಂತು. ಚೀನೀ ಹೊಸ ವರ್ಷದ ರಜೆ ಮುಗಿದ ವಾರದಲ್ಲೇ ಮೂವರು ರಾಜೀನಾಮೆ ಕೊಟ್ಟಿದ್ದರು. ಅವರಲ್ಲಿ ಚೆನ್ ಎಂಬ ಹುಡುಗ ಇವರಿಗೆ ಬಲಗೈ ಇದ್ದ ಹಾಗೆ.

"ನಾಲ್ಕು ವರ್ಷ ನನ್ನ ಜೊತೆ ಕೂತು ಊಟ ಮಾಡಿದ್ದಾನೆ ಮೇಡಂ. ಒಂದು ಮಾತು ಹೇಳಬಾರದಿತ್ತಾ? ಬೆಳಿಗ್ಗೆ ಬಂದು ಲೆಟರ್ ಕೊಟ್ಟ. ಸಂಬಳ ಜಾಸ್ತಿ ಮಾಡ್ತೀನಿ ಅಂದೆ. ಥ್ಯಾಂಕ್ಸ್ ಅಂದ, ಅಷ್ಟೇ."

ಅಲ್ಲಿ ಮಾತಾಡಿ ಒಪ್ಪಿಸುವುದಕ್ಕೆ ಸಮಯವೂ ಕಡಿಮೆ. ಬೆಂಗಳೂರಿನಲ್ಲಿ ತೊಂಬತ್ತು ದಿನದ ನೋಟಿಸ್ ನೋಡಿ ಬೆಳೆದವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಚೀನಾದಲ್ಲಿ 2008ರ ಜನವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಒಪ್ಪಂದ ಕಾಯ್ದೆ ಪ್ರಕಾರ, ನೌಕರ 30 ದಿನ ಮೊದಲು ಬರೆದು ಕೊಟ್ಟರೆ ಸಾಕು. ಕಂಪನಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಪ್ರೊಬೇಷನ್‌ನಲ್ಲಿದ್ದರೆ ಮೂರೇ ದಿನ. ಇನ್ನು ವರ್ಷದ ಬೋನಸ್ ಹೆಚ್ಚಿನ ಕಡೆ ಹಬ್ಬಕ್ಕೆ ಮೊದಲೇ ಕೈಸೇರುತ್ತದೆ. ಊರಿಗೆ ಹೋಗಿ, ಮನೆಯವರ ಜೊತೆ ಕೂತು ಮಾತಾಡಿ, ತೀರ್ಮಾನ ಮಾಡಿಕೊಂಡೇ ವಾಪಸ್ ಬರುತ್ತಾರೆ. ಮಾರ್ಚ್, ಏಪ್ರಿಲ್ ಅಲ್ಲಿ ಕೆಲಸ ಬದಲಿಸುವ ಕಾಲ.

ಗಿರೀಶ್ ಹೆಡ್ಡಾಫೀಸಿಗೆ ಒಂದು ಮೇಲ್ ಬರೆದು ಇಟ್ಟುಕೊಂಡಿದ್ದರು. 'ಚೀನೀಯರಿಗೆ ನಿಷ್ಠೆ ಇಲ್ಲ, ದುಡ್ಡಿದ್ದ ಕಡೆ ಓಡುತ್ತಾರೆ' ಅಂತ ಅದರ ಸಾರ. ಅದನ್ನು ಕಳಿಸಬೇಡಿ ಅಂದೆ. ನಮ್ಮ ಊರಿನ ಲೆಕ್ಕವನ್ನೇ ಅವರ ಮುಂದಿಟ್ಟೆ. 2022ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇನ್ಫೋಸಿಸ್‌ನಂಥ ಕಂಪನಿಯಲ್ಲೇ ಕೆಲಸ ಬಿಟ್ಟವರು ಶೇ 27.7. ಅವರಲ್ಲಿ ನಮ್ಮ ಅಕ್ಕಪಕ್ಕದ ಮನೆ ಮಕ್ಕಳೂ ಇದ್ದರು. ಅವರನ್ನು ಯಾರೂ ನಿಷ್ಠೆ ಇಲ್ಲದ ಜನ ಅನ್ನಲಿಲ್ಲ, ಅಲ್ವಾ? ಅವರಿಗೊಂದು ಅವಕಾಶ ಸಿಕ್ಕಿತು ಅಂದೆವು.

ಮುಂದಿನ ಭೇಟಿಗೆ ಒಂದು ಕೆಲಸ ಕೊಟ್ಟೆ. ಚೆನ್ ಕಳೆದ ಒಂದು ವರ್ಷದಲ್ಲಿ ನಿಮ್ಮ ಹತ್ತಿರ ಏನೇನು ಕೇಳಿದ, ಎಷ್ಟೇ ಸಣ್ಣದಿದ್ದರೂ ಬರೆದುಕೊಂಡು ಬನ್ನಿ ಅಂದೆ.

ಅವರು ತಂದ ಪಟ್ಟಿಯಲ್ಲಿ ಒಂದು ಕಾಗದದ ವಿಷಯ ಇತ್ತು. ಚೆನ್‌ಗೆ ಆರು ವರ್ಷದ ಮಗಳು. ಅವನ ಹುಕೌ, ಅಂದರೆ ಕುಟುಂಬದ ಸರ್ಕಾರಿ ನೋಂದಣಿ, ಅನ್‌ಹುಯಿ ಪ್ರಾಂತ್ಯದಲ್ಲಿದೆ. ಹೊರಗಿನ ನೋಂದಣಿಯವರ ಮಕ್ಕಳಿಗೆ ದೊಡ್ಡ ಊರುಗಳ ಸರ್ಕಾರಿ ಶಾಲೆಯಲ್ಲಿ ಸೀಟು ಸಲೀಸಾಗಿ ಸಿಗುವುದಿಲ್ಲ. ಎಷ್ಟು ವರ್ಷದಿಂದ ಕೆಲಸದಲ್ಲಿದ್ದಾರೆ, ಸಾಮಾಜಿಕ ವಿಮೆ ಎಷ್ಟು ಕಟ್ಟಿದ್ದಾರೆ, ಮನೆ ಇದೆಯಾ ಅಂತೆಲ್ಲ ದಾಖಲೆ ಕೊಡಬೇಕು. ಕಂಪನಿ ಕೊಡುವ ಪತ್ರಕ್ಕೆ ದುಂಡನೆಯ ಕೆಂಪು ಮೊಹರು ಬೀಳಬೇಕು. ಮೊಹರಿಲ್ಲದ ಪತ್ರವನ್ನು ಅಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೆನ್ ಆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ಗಿರೀಶ್ ಟೇಬಲ್ ಹತ್ತಿರ ಬಂದು ನಿಂತಿದ್ದ. ಇವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಪೋರ್ಟಲ್‌ನಲ್ಲಿ ಟಿಕೆಟ್ ಹಾಕಪ್ಪ" ಎಂಬರ್ಥದಲ್ಲಿ ಏನೋ ಹೇಳಿ ಕಳಿಸಿದರು. ಮೊಹರು ಬಿತ್ತು, ಆದರೆ ಆ ಪತ್ರ ಯಾಕೆ ಅಂತ ಇವರು ಕೇಳಲೇ ಇಲ್ಲ. ಇದನ್ನು ಓದುವಾಗ ಗಿರೀಶ್ ಅವರ ದನಿ ಇಳಿಯಿತು.

ಪಟ್ಟಿಯಲ್ಲಿ ಇನ್ನೂ ಇತ್ತು. ಅಪ್ಪನಿಗೆ ಹುಷಾರಿಲ್ಲ ಅಂತ ಎರಡು ಸಲ ಹೇಳಿದ್ದ. ಒಂದು ಮಗು ನೀತಿ ಇದ್ದ ಕಾಲದಲ್ಲಿ ಹುಟ್ಟಿದವನು. ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕಾದವನು ಅವನೊಬ್ಬನೇ. ಅವನಿಗೆ ಮೂವತ್ತನಾಲ್ಕು ತುಂಬಿತ್ತು. ಅಲ್ಲಿನ ಎಷ್ಟೋ ಕಂಪನಿಗಳು ಮೂವತ್ತೈದು ದಾಟಿದವರನ್ನು ಹೊಸದಾಗಿ ತೆಗೆದುಕೊಳ್ಳಲು ಹಿಂಜರಿಯುತ್ತವೆ. ಆ ವಯಸ್ಸಿನ ಭಯ ಅಲ್ಲಿ ಮನೆಮನೆಯ ಮಾತು. ಬಡ್ತಿ ಬಗ್ಗೆ ಅವನು ಕೇಳಿದಾಗಲೆಲ್ಲ "ಹೆಡ್ಡಾಫೀಸು ನೋಡುತ್ತಿದೆ" ಎಂಬ ಉತ್ತರ ಸಿಕ್ಕಿತ್ತು.

ಅವನು ಹೋಗಿದ್ದು ಹೆಫೈ ನಗರಕ್ಕೆ, ಎಲೆಕ್ಟ್ರಿಕ್ ಕಾರು ಮಾಡುವ ಕಂಪನಿಗೆ. ಹೆಫೈ ಅನ್‌ಹುಯಿಯ ರಾಜಧಾನಿ. ಅಪ್ಪ ಅಮ್ಮ ಹತ್ತಿರವಾದರು. ಗಿರೀಶ್ ಕೇಳಿದರು: "ಇಲ್ಲಿ ವಾರಕ್ಕೆ ಐದು ದಿನ, ಆರು ಗಂಟೆಗೆ ಮನೆ. ಅಲ್ಲಿ ರಾತ್ರಿ ಒಂಬತ್ತಾದರೂ ಬಿಡಲ್ಲ. ಯಾಕೆ ಹೋದ?" ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಎಂಬ ಪದ್ಧತಿ ಕಾನೂನುಬಾಹಿರ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆದರೂ ದುಡಿಮೆ ಕಡಿಮೆಯಾಗಿಲ್ಲ. ಅದು ಗೊತ್ತಿದ್ದೇ ಅವನು ಹೋದ. 2024ರಲ್ಲಿ ಚೀನಾದಲ್ಲಿ ತಯಾರಾದ ಎಲೆಕ್ಟ್ರಿಕ್ ಮತ್ತು ಪ್ಲಗ್-ಇನ್ ಹೈಬ್ರಿಡ್ ವಾಹನಗಳು 1.2 ಕೋಟಿಗೂ ಜಾಸ್ತಿ. ಅಷ್ಟು ಜೋರಾಗಿ ಬೆಳೆಯುತ್ತಿರುವ ಕಡೆ ಹೊಸ ಹುದ್ದೆಗಳೂ ಬೇಗ ಹುಟ್ಟುತ್ತವೆ. ವಿದೇಶಿ ಕಂಪನಿಯಲ್ಲಿ ಒಂದು ಸ್ಕ್ರೂ ಬದಲಿಸಲೂ ಯುರೋಪಿನಲ್ಲಿ ಬೆಳಗಾಗುವವರೆಗೆ ಕಾಯಬೇಕು.

ಇಲ್ಲಿಗೆ ಬಂದ ಮೇಲೆ ಒಂದು ಕಷ್ಟದ ಮಾತನ್ನು ಹೇಳಲೇಬೇಕಾಯಿತು. "ಆ ಕೇಂದ್ರದ ಮುಖ್ಯಸ್ಥನ ಕುರ್ಚಿಯಲ್ಲಿ ಇದುವರೆಗೆ ಒಬ್ಬ ಚೀನೀ ಕೂತಿದ್ದಾರಾ?" ಅಂತ ಕೇಳಿದೆ. ಇಲ್ಲ. ಮೊದಲು ಇಬ್ಬರು ಯುರೋಪಿನವರು, ಆಮೇಲೆ ಇವರು. ಚೆನ್ ಕಣ್ಣಿಗೆ ಗಿರೀಶ್ ಒಳ್ಳೆಯ ಬಾಸ್ ಇರಬಹುದು. ಜೊತೆಗೆ, ತನಗೆ ಆ ಕುರ್ಚಿ ಎಂದೂ ಸಿಗುವುದಿಲ್ಲ ಅನ್ನುವುದಕ್ಕೆ ಸಾಕ್ಷಿಯೂ ಅವರೇ. ಸಂಬಳಕ್ಕಿಂತ ಇದು ಜಾಸ್ತಿ ತೂಗಿತು ಅಂತ ನನಗೆ ಖಾತ್ರಿ ಇದೆ. ಗಿರೀಶ್ ಅವತ್ತು ಬೇಗ ಕರೆ ಮುಗಿಸಿದರು. ಮುಂದಿನ ಸಲ ಅವರೇ ಆ ಮಾತು ಎತ್ತಿದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅವರ ಸ್ವಂತಕ್ಕೆ. ಮನೆಯವರಿಲ್ಲದ ಊರಿನಲ್ಲಿ ಟೀಮನ್ನೇ ಮನೆ ಮಾಡಿಕೊಂಡಿದ್ದರು. ಒಬ್ಬ ಹೋದರೆ ಸ್ವಂತ ತಮ್ಮ ಮನೆಬಿಟ್ಟು ಹೋದಷ್ಟು ನೋವು. ಈ ಭಾರವನ್ನು ಕೆಲಸದವರ ಮೇಲೆ ಹಾಕುವುದು ಅವರಿಗೂ ನ್ಯಾಯವಲ್ಲ. ರಾತ್ರಿ ಊಟದ ಹೊತ್ತಿಗೆ ಮನೆಗೆ ವಿಡಿಯೊ ಕರೆ ಮಾಡಿ, ಶಾಂಘೈ ಕಡೆ ಇರುವ ನಮ್ಮವರನ್ನು ಹುಡುಕಿ ಆಗಾಗ ಸೇರಿ ಅಂದೆ. ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಲೇಬೇಕು ಅಂತಲೂ ಹೇಳಿದೆ.

ಎರಡನೆಯದು ಸಮಯದ ವಿಷಯ. ಹೆಡ್ಡಾಫೀಸಿನವರು ಸಂಬಳ ಪರಿಷ್ಕರಣೆ ಮಾಡುವುದು ಏಪ್ರಿಲ್‌ನಲ್ಲಿ, ಹುಡುಗರು ತೀರ್ಮಾನ ಮಾಡುವುದು ಹಬ್ಬದ ರಜೆಯಲ್ಲಿ. ಹಾಗಾಗಿ ಏಪ್ರಿಲ್‌ನಲ್ಲಿ ಏನು ಸಿಗುತ್ತದೆ ಅನ್ನುವುದನ್ನು ಹಬ್ಬಕ್ಕೆ ಊರಿಗೆ ಹೊರಡುವ ಮೊದಲೇ ಬರೆದು ಕೊಡಿಸಿ. ಮನೆಯಲ್ಲಿ ತೋರಿಸಲು ಅವರ ಕೈಯಲ್ಲೂ ಒಂದು ಕಾಗದ ಇರಲಿ. ರಾಜೀನಾಮೆ ಬಂದ ಮೇಲೆ ಕೊಡುವ ಹೆಚ್ಚಳದಿಂದ ಉಪಯೋಗ ಕಡಿಮೆ. ಅಷ್ಟು ದಿನ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಆಮೇಲೆ, ಒಬ್ಬೊಬ್ಬರ ಜೊತೆಗೂ ಆಫೀಸಿನ ಹೊರಗೆ, ಊಟದ ಟೇಬಲ್ಲಿನಲ್ಲಿ ಮಾತಾಡಿ ಅಂದೆ. 'ಏನಾದರೂ ತೊಂದರೆ ಇದೆಯಾ' ಅಂದರೆ ಏನೂ ಇಲ್ಲ ಅಂತಲೇ ಉತ್ತರ ಬರುತ್ತದೆ. ಮೊದಲು ನಿಮ್ಮ ಮಗನ ಶಾಲೆ ಬಗ್ಗೆ ಹೇಳಿ, ಅವರೂ ಹೇಳುತ್ತಾರೆ. ತಪ್ಪು ತಿದ್ದುವುದಿದ್ದರೆ ಬಾಗಿಲು ಹಾಕಿಕೊಂಡು, ಇಬ್ಬರೇ ಇದ್ದಾಗ. ಹೆಡ್ಡಾಫೀಸಿನವರು ಕೂತಿರುವ ಕರೆಯಲ್ಲಂತೂ ಬೇಡವೇ ಬೇಡ. ಆಫೀಸಿನಲ್ಲಿ ಎಲ್ಲರೂ ಮನಸ್ಸು ಬಿಚ್ಚುವ ಒಬ್ಬ ಹಿರಿಯ ಎಚ್‌ಆರ್ ಮಹಿಳೆ ಇದ್ದರು. ಯಾರು ಏನು ಹೇಳಿದರು ಅಂತ ಅವರನ್ನು ಕೇಳಬೇಡಿ, ನಾನು ಯಾರ ಜೊತೆ ಮಾತಾಡಬೇಕು ಅಂತ ಮಾತ್ರ ಕೇಳಿ ಅಂದೆ.

ಕೊನೆಗೆ ಕುರ್ಚಿ. ನಿಮ್ಮ ನಂತರ ಯಾರು ಅನ್ನುವುದಕ್ಕೆ ಒಬ್ಬ ಚೀನೀ ಎಂಜಿನಿಯರ್ ಹೆಸರನ್ನು ನೀವೇ ಹೆಡ್ಡಾಫೀಸಿಗೆ ಬರೆಯಿರಿ ಅಂದೆ. "ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡ ಹಾಗಲ್ವಾ ಮೇಡಂ?" ಅಂದರು. ಭಯ ಸಹಜ. ಕೆಲಸ ಕಲಿಸಿ, ಒಬ್ಬರನ್ನು ಬೆಳೆಸಿ ಬಂದ ಮುಖ್ಯಸ್ಥನಿಗೆ ಬೇರೆ ಕಡೆ ಬೆಲೆ ಇದ್ದೇ ಇರುತ್ತದೆ ಅಂದೆ. ನಂಬಲು ಅವರಿಗೆ ಸಮಯ ಬೇಕಾಯಿತು.

ಚೆನ್‌ಗೆ ಮೆಸೇಜ್ ಮಾಡಲಾ ಅಂತಲೂ ಕೇಳಿದ್ದರು. ಮಾಡಿ, ವಾಪಸ್ ಬಾ ಅನ್ನಬೇಡಿ, ಮಗಳ ಶಾಲೆ ವಿಚಾರಿಸಿ ಅಂದೆ. ವೀಚಾಟ್‌ನಲ್ಲಿ ಕಳಿಸಿದರು. ಯೂನಿಫಾರ್ಮ್ ಹಾಕಿದ ಮಗಳ ಫೋಟೊ ಬಂತು.

ಮುಂದಿನ ಹೊಸ ವರ್ಷ ಕಳೆದ ಮೇಲೆ ಒಬ್ಬಳು ಕೆಲಸ ಬಿಟ್ಟಳು. ಡಿಸೆಂಬರ್‌ನಲ್ಲೇ ಬಂದು ಹೇಳಿದ್ದಳು, ಹಾಗಾಗಿ ಕೆಲಸ ಹಸ್ತಾಂತರಿಸಲು ಟೈಮ್ ಸಿಕ್ಕಿತು. ಹಬ್ಬಕ್ಕೆ ಮೊದಲೇ ಪತ್ರ ಕೊಡಲು ಹೆಡ್ಡಾಫೀಸು ಒಪ್ಪಿದೆ. ಉತ್ತರಾಧಿಕಾರಿಯ ಹೆಸರಿಗೆ 'ನೋಡೋಣ' ಅಂದಿದೆ. ಬಜೆಟ್ ಸಭೆಯಲ್ಲಿ ಮತ್ತೆ ಎತ್ತುತ್ತೇನೆ ಅಂತ ಗಿರೀಶ್ ಹೇಳಿದ್ದಾರೆ. ಒಬ್ಬ ಎಂಜಿನಿಯರ್ ಹೋದರೆ ಹೊಸಬರನ್ನು ಹುಡುಕಿ ತರಬೇತಿ ಕೊಡಲು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನೂ ಈ ಸಲ ಜೊತೆಗೆ ಇಡಲಿದ್ದಾರೆ.