ಸಿಡಿ4 ಏರುತ್ತಿಲ್ಲ, ಸ್ಟೆಮ್ ಸೆಲ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಮೂರು ವರ್ಷದಿಂದ ಎಚ್‌ಐವಿಯ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ. ವೈರಲ್ ಲೋಡ್ ಟೆಸ್ಟ್‌ನಲ್ಲಿ ವೈರಸ್ ಕಾಣಿಸುತ್ತಿಲ್ಲ. ಆದರೆ 60 ಇದ್ದ ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ), 210ಕ್ಕೆ ಬಂದು ನಿಂತುಬಿಟ್ಟಿದೆ. ಸ್ಟೆಮ್ ಸೆಲ್ (ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶ) ಇಂಜೆಕ್ಷನ್ ಕೊಟ್ಟರೆ ಶಕ್ತಿ ವಾಪಸ್ ಬರುತ್ತೆ, ಎಚ್‌ಐವಿಯೂ ಹೋಗುತ್ತೆ ಅಂತ ಒಂದು ಕ್ಲಿನಿಕ್‌ನವರು ಹೇಳಿದ್ದಾರೆ. ನಾಲ್ಕು ಲಕ್ಷವಂತೆ. ಇವರು ಜಮೀನು ಅಡ ಇಡಲು ಹೊರಟಿದ್ದಾರೆ. (ಹೆಸರು ಬೇಡ)

ಉತ್ತರ: ದಯವಿಟ್ಟು ಜಮೀನು ಅಡ ಇಡಬೇಡಿ.

ಸ್ಟೆಮ್ ಸೆಲ್‌ನಿಂದ ಎಚ್‌ಐವಿ ಹೋಗಿರುವುದು ನಿಜ, ಆದರೆ ಬೆರಳೆಣಿಕೆಯ ಜನರಲ್ಲಿ. ಮೊದಲನೆಯವರು ಟಿಮೊತಿ ರೇ ಬ್ರೌನ್. ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಅದಕ್ಕಾಗಿ 2007ರಲ್ಲಿ ಬರ್ಲಿನ್‌ನಲ್ಲಿ ಬೇರೆಯವರ ಸ್ಟೆಮ್ ಸೆಲ್ ಹಾಕಿದರು. ಎಚ್‌ಐವಿ ಸಾಮಾನ್ಯವಾಗಿ ಕೋಶದೊಳಗೆ ನುಗ್ಗುವುದು ಸಿಸಿಆರ್5 ಎಂಬ ಬಾಗಿಲಿಂದ. ಆ ದಾನಿಗೆ ಹುಟ್ಟಿನಿಂದಲೇ ಆ ಬಾಗಿಲು ಇರಲಿಲ್ಲ. ಅಂಥವರು ಉತ್ತರ ಯುರೋಪಿನಲ್ಲೇ ನೂರಕ್ಕೆ ಒಬ್ಬರು, ನಮ್ಮಲ್ಲಂತೂ ತೀರಾ ಅಪರೂಪ. ಇದು ಇಂಜೆಕ್ಷನ್ ಹಾಕಿಸಿಕೊಂಡು ಸಂಜೆ ಮನೆಗೆ ಬರುವ ಕೆಲಸ ಅಲ್ಲ. ಮೊದಲು ಕೀಮೋ ಕೊಟ್ಟು, ಮೂಳೆಯೊಳಗೆ ರಕ್ತಕಣ ಹುಟ್ಟಿಸುವ ರೋಗಿಯ ಸ್ವಂತ ಮಜ್ಜೆಯನ್ನೇ ನಾಶ ಮಾಡಬೇಕು. ಅದರಲ್ಲೇ ಜೀವ ಹೋಗಬಹುದು. ಹಾಗಾಗಿ ಕ್ಯಾನ್ಸರ್‌ನಂಥ ಬೇರೆ ದೊಡ್ಡ ಕಾಯಿಲೆ ಇಲ್ಲದೆ, ಬರೀ ಎಚ್‌ಐವಿಗಾಗಿ ಇದನ್ನು ಮಾಡುವುದಿಲ್ಲ. ಕ್ಲಿನಿಕ್‌ನವರು ಹೇಳುತ್ತಿರುವುದು ಇದಲ್ಲವೇ ಅಲ್ಲ.

ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಕೊಟ್ಟು ಸಿಡಿ4 ಏರಿಸಲು ಚೀನಾದಲ್ಲಿ ಸಣ್ಣ ಪ್ರಯೋಗಗಳು ನಡೆದಿವೆ. ಚಿಕಿತ್ಸೆ ಅಂತ ಅದಕ್ಕೆ ಒಪ್ಪಿಗೆ ಇಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ನಮ್ಮಲ್ಲೂ ಇದು ಪ್ರಯೋಗ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವುದು ತಪ್ಪು.

ಸಿಡಿ4 ಯಾಕೆ ನಿಂತಿದೆ? 60ಕ್ಕೆ ಇಳಿದ ಮೇಲೆ ಮಾತ್ರೆ ಶುರುವಾಗಿದೆ, ಅದೇ ದೊಡ್ಡ ಕಾರಣ. ಮಜ್ಜೆಯಲ್ಲಿ ಹುಟ್ಟಿದ ಕೋಶ ಸಿಡಿ4 ಆಗಲು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ ಪಳಗಬೇಕು. ವಯಸ್ಸಾದಂತೆ ಅದು ಕುಗ್ಗುತ್ತದೆ. ದುಗ್ಧಗ್ರಂಥಿಗಳಲ್ಲೂ ವೈರಸ್ ಗಾಯದ ಕಲೆ ಬಿಟ್ಟಿರುತ್ತದೆ. ಹಾಗಾಗಿ ಏರಿಕೆ ನಿಧಾನ. ವರ್ಷಗಟ್ಟಲೆ ತಗೊಂಡು ಏರುವವರೂ ಇದ್ದಾರೆ. ವೈರಸ್ ಕಾಣದಿರುವುದೇ ಈಗ ದೊಡ್ಡ ಗೆಲುವು. ಅದು ಹೀಗೇ ಇರುವವರೆಗೆ ಅವರಿಂದ ಲೈಂಗಿಕವಾಗಿ ನಿಮಗೆ ಎಚ್‌ಐವಿ ಹರಡುವುದಿಲ್ಲ. ಇದನ್ನು ಯಜಮಾನರಿಗೂ ಹೇಳಿ.

ಸಿಡಿ4 ಕಡಿಮೆ ಇರುವವರೆಗೆ ಬೇರೆ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟಿರುತ್ತಾರೆ, ಸುಮ್ನೆ ನಿಲ್ಲಿಸಬೇಡಿ. ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ತಕ್ಷಣ ಟಿಬಿ ಪರೀಕ್ಷೆ ಮಾಡಿಸಿ. ಕುಡಿತ ಇದ್ದರೆ ಎಆರ್‌ಟಿ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಕ್ಲಿನಿಕ್ ಕೊಟ್ಟ ಚೀಟಿಯನ್ನೂ ಅವರಿಗೆ ತೋರಿಸಿ. ಅನುಮಾನ ಬಂದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.